ತವರಿಲ್ಲದ ಬಾಣಂತಿ

ನಮ್ಮ ಸೀಮೆಯಲ್ಲಿ ಹೆಣ್ಣುಮಗಳು ಚೊಚ್ಚಲ ಬಸುರಿಯಾದಳೆಂದರೆ ಮುಂದಿನ ಏರ್ಪಾಡುಗಳನ್ನು ಯಾರೂ ಕೇಳಿ ತಿಳಿಯಬೇಕಾಗಿಲ್ಲ. ಸೀಮಂತ ಮಾಡಿ, ಮಡಿಲಕ್ಕಿ ತುಂಬಿ ತವರಿಗೆ ಕರೆದೊಯ್ಯುತ್ತಾರೆ. ಹೆರಿಗೆಯ ದಿನ ಆಸ್ಪತ್ರೆಯ ಬಾಗಿಲಲ್ಲಿ ತಾಯಿ ಕುಳಿತಿರುತ್ತಾಳೆ. ಆ ಬಳಿಕ ಮೂರು ತಿಂಗಳು, ಅನುಕೂಲವಿದ್ದರೆ ಐದು ತಿಂಗಳು ಬಾಣಂತನ. ಎಣ್ಣೆನೀರು, ಬಿಸಿಯೂಟ, ಮೆಣಸಿನ ಸಾರು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುವ ಅಜ್ಜಿ. ಇದನ್ನು ನಾವು ಸಂಪ್ರದಾಯವೆಂದು ಕರೆಯುತ್ತೇವೆ. ಆದರೆ ವೈದ್ಯರ ಕಣ್ಣಿನಿಂದ ನೋಡಿದರೆ ಇದೊಂದು ಆರೋಗ್ಯ ವ್ಯವಸ್ಥೆ. ಬಾಣಂತಿಗೆ ವಿಶ್ರಾಂತಿ, ಪೌಷ್ಟಿಕ ಆಹಾರ, ರಕ್ತಸ್ರಾವವೋ ಜ್ವರವೋ ಕಂಡರೆ ಗುರುತಿಸುವ ಅನುಭವಸ್ಥ ಕಣ್ಣು, ಅಳುವ ಮಗುವನ್ನು ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈ, ಇವೆಲ್ಲವನ್ನೂ ಒಂದೇ ಸೂರಿನಡಿ ಒದಗಿಸುವ ಸ್ಥಳ ತವರು.

ಈ ವ್ಯವಸ್ಥೆಗೆ ಇರುವುದು ಒಂದೇ ಷರತ್ತು. ತವರು ಇರಬೇಕು.

ಬಾಲಮಂದಿರದಲ್ಲಿ ಬೆಳೆದು ಹೊರಬಂದ ಹೆಣ್ಣುಮಗಳಿಗೆ ಅದು ಇರುವುದಿಲ್ಲ. ತಂದೆತಾಯಿಯನ್ನು ಕಳೆದುಕೊಂಡವರು, ಬಸ್ ನಿಲ್ದಾಣದಲ್ಲಿ ಸಿಕ್ಕವರು, ದುಡಿಮೆಯಿಂದ ಬಿಡಿಸಿ ತಂದವರು, ಬಾಲ್ಯವಿವಾಹದ ಹಸೆಮಣೆಯಿಂದ ಎಬ್ಬಿಸಿ ತಂದವರು, ಹೀಗೆ ಅನೇಕ ಬಗೆಯ ಮಕ್ಕಳು ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇರೆಗೆ ಬಾಲಮಂದಿರಕ್ಕೋ, ನೋಂದಾಯಿತ ಪಾಲನಾ ಸಂಸ್ಥೆಗೋ, ಅಪರೂಪಕ್ಕೆ ಪೋಷಕ ಕುಟುಂಬಕ್ಕೋ ಸೇರುತ್ತಾರೆ. ಬಾಲ್ಯವಿವಾಹದ ಅಪಾಯದಲ್ಲಿರುವ ಮಗುವೂ ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವೆಂದು 2015ರ ಬಾಲ ನ್ಯಾಯ ಕಾಯ್ದೆಯೇ ಹೇಳುತ್ತದೆ. ಮಂಡ್ಯ ಜಿಲ್ಲೆಯಲ್ಲಿ ಈ ಮಾತಿಗೆ ತೂಕ ಹೆಚ್ಚು. ಬಾಲ್ಯವಿವಾಹವೆಂಬುದು ಇಲ್ಲಿ ಇನ್ನೂ ಹಳೆಯ ಕಾಲದ ಸಂಗತಿಯಾಗಿಲ್ಲ. ಹಾಗೆ ರಕ್ಷಿಸಲ್ಪಟ್ಟ ಹುಡುಗಿಗೆ ತವರೆಂಬ ಮನೆ ಇದ್ದರೂ ಅದರ ಬಾಗಿಲು ಮುಚ್ಚಿರುತ್ತದೆ. ಮದುವೆ ನಿಂತದ್ದಕ್ಕೆ ಅವಳೇ ಕಾರಣಳೆಂದು ಮನೆಯವರು ಮುನಿದಿರುತ್ತಾರೆ.

18 ವರ್ಷ ತುಂಬಿದ ದಿನ ಬಾಲಮಂದಿರದ ಪಾಲನೆ ಮುಗಿಯುತ್ತದೆ. ಮುಂದೇನು ಎಂಬ ಪ್ರಶ್ನೆಗೆ ಕಾಯ್ದೆಯಲ್ಲಿ ಉತ್ತರವಿಲ್ಲವೆಂದಲ್ಲ. ಅದರ 46ನೇ ಕಲಮು ಸಂಸ್ಥೆಯಿಂದ ಹೊರಬರುವ ಯುವಜನರಿಗೆ ಆರ್ಥಿಕ ನೆರವು ಒದಗಿಸಬಹುದೆನ್ನುತ್ತದೆ. ಇದಕ್ಕೆ ನಮ್ಮ ಇಲಾಖೆಯ ಭಾಷೆಯಲ್ಲಿ ಅನುಪಾಲನೆ ಎಂದು ಹೆಸರು. ಸಾಮಾನ್ಯವಾಗಿ 21 ವರ್ಷದವರೆಗೆ, ವಿಶೇಷ ಸಂದರ್ಭಗಳಲ್ಲಿ ಇನ್ನೆರಡು ವರ್ಷ, ಎಂದರೆ 23ರವರೆಗೆ ಇದು ಸಿಗಬಹುದು. ಕೇಂದ್ರದ 2016ರ ಮಾದರಿ ನಿಯಮಗಳಲ್ಲಿ ಆರರಿಂದ ಎಂಟು ಮಂದಿ ಒಟ್ಟಿಗೆ ವಾಸಿಸುವ ತಾತ್ಕಾಲಿಕ ಮನೆ, ವೃತ್ತಿ ತರಬೇತಿಯ ಕಾಲದಲ್ಲಿ ಭತ್ಯೆ, ಸ್ವಂತ ಉದ್ಯೋಗಕ್ಕೆ ಸಾಲದ ಏರ್ಪಾಡು, ಆಪ್ತ ಸಮಾಲೋಚನೆ ಎಲ್ಲವೂ ಇವೆ. ಬಿಡುಗಡೆಗೆ ಎರಡು ತಿಂಗಳ ಮೊದಲೇ ಪ್ರತಿಯೊಬ್ಬರ ಮುಂದಿನ ಬದುಕಿನ ಯೋಜನೆಯನ್ನು ಬರೆದು ಸಮಿತಿಯ ಮುಂದಿಡಬೇಕೆಂದೂ ನಿಯಮವಿದೆ. ಮಿಷನ್ ವಾತ್ಸಲ್ಯದಡಿ ಅನುಪಾಲನೆಯ ನೆರವು ತಿಂಗಳಿಗೆ 4,000 ರೂಪಾಯಿ. ಇದನ್ನು ನೋಡಿಕೊಳ್ಳುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ.

4,000 ರೂಪಾಯಿ ಅಲ್ಪವೋ ಅಧಿಕವೋ ಎಂಬ ಚರ್ಚೆ ಬೇರೆ. ಆರೋಗ್ಯದ ದೃಷ್ಟಿಯಿಂದ ನನ್ನನ್ನು ಹೆಚ್ಚು ಕಾಡುವುದು ವಯಸ್ಸಿನ ಲೆಕ್ಕ. ಹತ್ತೊಂಬತ್ತೋ ಇಪ್ಪತ್ತೋ ತುಂಬಿದಾಗ ಮದುವೆಯಾಗುವ ಹುಡುಗಿಗೆ ಇಪ್ಪತ್ತೊಂದರ ಆಸುಪಾಸಿನಲ್ಲಿ ಮೊದಲ ಮಗು. ನೆರವಿನ ಹಗ್ಗ ತುಂಡಾಗುವುದೂ ಅದೇ ವಯಸ್ಸಿನಲ್ಲಿ. ಉಳಿದ ಹೆಣ್ಣುಮಕ್ಕಳನ್ನು ತವರು ಮತ್ತೆ ಕರೆದುಕೊಳ್ಳುವ ಗಳಿಗೆಯಲ್ಲೇ ಇವಳನ್ನು ಸರ್ಕಾರವೆಂಬ ತವರು ಬೀಳ್ಕೊಟ್ಟುಬಿಡುತ್ತದೆ. ನಿಯಮದಲ್ಲಿರುವ ವಿಶೇಷ ಸಂದರ್ಭವೆಂಬ ಮಾತಿಗೆ ಚೊಚ್ಚಲ ಬಸಿರು ಸೇರದಿದ್ದರೆ ಇನ್ನಾವುದು ಸೇರೀತು? ಸಮಿತಿಯವರೂ ಘಟಕದವರೂ ಈ ಎರಡು ವರ್ಷದ ಅವಕಾಶವನ್ನು ಗರ್ಭಿಣಿಯರಿಗೂ ಬಾಣಂತಿಯರಿಗೂ ಧಾರಾಳವಾಗಿ ಬಳಸಬೇಕೆಂಬುದು ನನ್ನ ವಿನಂತಿ.

ಇದು ನಮ್ಮ ನಾಡಿನ ಸಮಸ್ಯೆ ಮಾತ್ರವಲ್ಲ. ಅಮೆರಿಕದ ಇಲಿನಾಯ್, ವಿಸ್ಕಾನ್ಸಿನ್, ಅಯೋವಾ ರಾಜ್ಯಗಳಲ್ಲಿ ಪೋಷಕ ಪಾಲನೆಯಲ್ಲಿ ಬೆಳೆದ ತರುಣ ತರುಣಿಯರನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡಿದಾಗ, 19 ವರ್ಷದ ಹೊತ್ತಿಗೆ ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತರುಣಿಯರು ಒಮ್ಮೆಯಾದರೂ ಗರ್ಭ ಧರಿಸಿದ್ದುದು ಕಂಡುಬಂದಿತು. ತನ್ನವರೆಂಬವರು ಇಲ್ಲದವರು ತನ್ನದೇ ಎಂಬ ಒಂದು ಜೀವಕ್ಕಾಗಿ ಬೇಗ ಹಂಬಲಿಸುವುದು ಸಹಜ. ಇಂಗ್ಲೆಂಡಿನಲ್ಲಿ ಪಾಲನೆಯಲ್ಲಿದ್ದ ಮಗುವಿಗೆ ಸ್ಥಳೀಯ ಆಡಳಿತವೇ ಪಾಲಕಸ್ಥಾನದಲ್ಲಿದೆ ಎಂಬ ತತ್ತ್ವವನ್ನು ಕಾನೂನಿನಲ್ಲಿಯೇ ಬರೆದಿದ್ದಾರೆ. 2017ರ ಕಾಯ್ದೆಯ ಪ್ರಕಾರ ಬಯಸಿದವರಿಗೆ 25 ವರ್ಷದವರೆಗೆ ಒಬ್ಬ ಆಪ್ತ ಸಲಹೆಗಾರರು ಇರುತ್ತಾರೆ. ಹಣಕ್ಕಿಂತ ಮಿಗಿಲಾಗಿ ಅಲ್ಲಿ ಒಬ್ಬ ಮನುಷ್ಯರನ್ನು ಗೊತ್ತುಮಾಡುತ್ತಾರೆಂಬುದನ್ನು ನಾವು ಗಮನಿಸಬೇಕು.

ನಮ್ಮಲ್ಲೂ ಆಡಳಿತ ಪಾಲಕಸ್ಥಾನದಲ್ಲಿ ನಿಲ್ಲುವ ಒಂದು ದೃಶ್ಯವಿದೆ. ದಾವಣಗೆರೆಯ ರಾಜ್ಯ ಮಹಿಳಾ ನಿಲಯದಲ್ಲಿ, ಉಡುಪಿಯ ನಿಟ್ಟೂರಿನ ನಿಲಯದಲ್ಲಿ ಅಲ್ಲಿನ ನಿವಾಸಿ ಹೆಣ್ಣುಮಕ್ಕಳ ಮದುವೆ ನಡೆದಾಗ ಜಿಲ್ಲಾಡಳಿತದ ಅಧಿಕಾರಿಗಳೇ ಹೆತ್ತವರ ಜಾಗದಲ್ಲಿ ನಿಂತು ಧಾರೆ ಎರೆದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಓದಿ ಕಣ್ಣು ತೇವವಾಗದವರು ಕಡಿಮೆ. ಮದುವೆಯ ಛಾಯಾಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಬಾಣಂತನಕ್ಕೆ ಛಾಯಾಚಿತ್ರವಿಲ್ಲ. ಧಾರೆ ಎರೆದ ಅಧಿಕಾರಿ ಅಷ್ಟರಲ್ಲಿ ಬೇರೆ ಜಿಲ್ಲೆಗೆ ವರ್ಗವಾಗಿರುತ್ತಾರೆ.

ಈಗ ಆಸ್ಪತ್ರೆಯ ಒಳಗೆ ಬರೋಣ. ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಗೆ ಸೊಸೆಯಾಗಿ ಬಂದ, ಬಾಲಮಂದಿರದಲ್ಲಿ ಬೆಳೆದ ಒಬ್ಬ ತರುಣಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮೊದಲ ತಪಾಸಣೆಯಲ್ಲೇ ವೈದ್ಯರು ಕೇಳುವ ಪ್ರಶ್ನೆಗಳು ಇವು. ನಿಮ್ಮ ತಾಯಿಗೆ ಸಕ್ಕರೆ ಕಾಯಿಲೆ ಇದೆಯೇ? ರಕ್ತದೊತ್ತಡವಿತ್ತೇ? ಮನೆಯಲ್ಲಿ ಅವಳಿ ಮಕ್ಕಳುಂಟೇ? ಚಿಕ್ಕಂದಿನಲ್ಲಿ ನಿಮಗೇನಾದರೂ ದೊಡ್ಡ ಕಾಯಿಲೆ ಬಂದಿತ್ತೇ? ಒಂದಕ್ಕೂ ಅವಳಲ್ಲಿ ಉತ್ತರವಿಲ್ಲ. ಉತ್ತರವಿಲ್ಲವೆಂದು ಹೇಳಲು ನಾಚಿ ಎಲ್ಲದಕ್ಕೂ ಇಲ್ಲವೆಂದು ತಲೆಯಾಡಿಸುತ್ತಾಳೆ. ಚೀಟಿಯಲ್ಲಿ ಅವಳ ವಂಶದಲ್ಲಿ ಯಾವ ರೋಗವೂ ಇಲ್ಲವೆಂದು ದಾಖಲಾಗುತ್ತದೆ. ಗೊತ್ತಿಲ್ಲ ಎಂಬುದೂ ಇಲ್ಲ ಎಂಬುದೂ ಒಂದೇ ಅಲ್ಲ. ಇಂಥವರು ವೈದ್ಯರ ಬಳಿ ಸಂಕೋಚ ಬಿಟ್ಟು 'ನನಗೆ ತಿಳಿಯದು, ನಾನು ಬಾಲಮಂದಿರದಲ್ಲಿ ಬೆಳೆದವಳು' ಎಂದು ಹೇಳಬೇಕು. ಆಗ ಸಕ್ಕರೆಯ ಪರೀಕ್ಷೆ, ರಕ್ತದೊತ್ತಡ, ಥೈರಾಯ್ಡ್ ಮುಂತಾದವುಗಳ ಮೇಲೆ ವೈದ್ಯರು ಹೆಚ್ಚು ನಿಗಾ ಇಡುತ್ತಾರೆ. ಬಾಲಮಂದಿರದಲ್ಲಿ ಪ್ರತಿ ಮಗುವಿನ ವೈದ್ಯಕೀಯ ದಾಖಲೆ ಇಡಬೇಕೆಂಬ ನಿಯಮವಿದೆ. ಹೊರಬರುವಾಗ ಅದರ ಒಂದು ಪ್ರತಿಯನ್ನು ಕೇಳಿ ಪಡೆದುಕೊಂಡರೆ ಲಸಿಕೆ, ರಕ್ತದ ಗುಂಪು, ಹಿಂದಿನ ಕಾಯಿಲೆಗಳ ವಿವರ ಕೈಯಲ್ಲಿರುತ್ತದೆ. ಅಂಕಪಟ್ಟಿಯನ್ನು ಜೋಪಾನ ಮಾಡುವಷ್ಟೇ ಜೋಪಾನವಾಗಿ ಇದನ್ನೂ ಇಟ್ಟುಕೊಳ್ಳಬೇಕು.

ಎರಡನೆಯದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಎಳವೆಯಲ್ಲಿ ಹಸಿವು ಕಂಡವರಿಗೆ ಈ ಅಪಾಯ ಇನ್ನೂ ಹೆಚ್ಚು. ಗರ್ಭಿಣಿಯಾಗಿರುವಾಗ 180 ದಿನ, ಹೆರಿಗೆಯ ಬಳಿಕ ಮತ್ತೆ 180 ದಿನ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ತೆಗೆದುಕೊಳ್ಳಬೇಕು. ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ ಎಂದು ಹೆದರಿ ಅನೇಕರು ಎರಡೇ ವಾರಕ್ಕೆ ನಿಲ್ಲಿಸುತ್ತಾರೆ. ಅದು ಸಹಜ, ಅಪಾಯವಿಲ್ಲ ಎಂದು ಹೇಳಲು ಮನೆಯಲ್ಲಿ ಒಬ್ಬ ಹಿರಿಯಳಿರಬೇಕು. ಕಬ್ಬಿಣದ ಮಾತ್ರೆಯನ್ನು ಹಾಲಿನೊಡನೆಯೋ ಚಹಾ ಕಾಫಿಯೊಡನೆಯೋ ಸುಣ್ಣಾಂಶದ ಮಾತ್ರೆಯೊಡನೆಯೋ ನುಂಗಬಾರದು. ನಿಂಬೆಹಣ್ಣಿನ ಪಾನಕದೊಡನೆ ಒಳ್ಳೆಯದು. ನಮ್ಮ ಸಸ್ಯಾಹಾರಿ ಮನೆಗಳಲ್ಲಿ ರಾಗಿ ಹಿಟ್ಟು, ಸೊಪ್ಪಿನ ಉಪ್ಪುಸಾರು, ಹುರುಳಿ ಕಟ್ಟು, ಮೊಳಕೆಕಾಳು ಇವು ದಿನವೂ ಇರಲಿ. ಬಿ12 ಜೀವಸತ್ವಕ್ಕಾಗಿ ಹಾಲು ಮೊಸರು ತಪ್ಪದಿರಲಿ. ಬೆಲ್ಲ ತಿಂದರೆ ರಕ್ತ ಊರುತ್ತದೆಂಬ ಮಾತು ಕಬ್ಬಿನ ಸೀಮೆಯವರಾದ ನಮಗೆ ಬಲು ಪ್ರಿಯ. ಬೆಲ್ಲ ತಿನ್ನಲಿ, ಬೇಡವೆನ್ನುವುದಿಲ್ಲ, ಆದರೆ ಅದು ಮಾತ್ರೆಯ ಬದಲಿಯಲ್ಲ.

ಇನ್ನು ಬಾಣಂತನ. ಹಿರಿಯರ ಪದ್ಧತಿಯಲ್ಲಿ ಉಳಿಸಿಕೊಳ್ಳಬೇಕಾದುದೂ ಇದೆ, ಬಿಡಬೇಕಾದುದೂ ಇದೆ. ವಿಶ್ರಾಂತಿ, ಬಿಸಿ ಊಟ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಇವು ಇರಲಿ. ಬಾಣಂತಿಗೆ ನೀರು ಕುಡಿಯಲು ಕೊಡದಿರುವುದು, ಹಣ್ಣು ಮೊಸರು ತಡೆಯುವುದು, ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು, ಮಗುವಿಗೆ ಜೇನು ನೆಕ್ಕಿಸುವುದು, ಬಾಗಿಲು ಮುಚ್ಚಿ ಹೊಗೆ ಹಾಕುವುದು ಇವು ನಿಲ್ಲಲಿ. ಹೆರಿಗೆಯ ನಂತರದ ಮೊದಲ ದಿನ ಮತ್ತು ಮೊದಲ ವಾರ ತಾಯಿಯ ಜೀವಕ್ಕೆ ಅತ್ಯಂತ ನಾಜೂಕಿನ ಕಾಲ. ವಿಪರೀತ ರಕ್ತಸ್ರಾವ, ಚಳಿಜ್ವರ, ದುರ್ವಾಸನೆಯ ಸ್ರಾವ, ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ಒಂದೇ ಕಾಲು ಊದಿ ನೋಯುವುದು, ಉಸಿರಾಟದ ಕಷ್ಟ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕು. ಮಗು ಹಾಲು ಕುಡಿಯದೆ ಸೊರಗಿದರೆ, ಮೈ ತಣ್ಣಗಾದರೆ, ಅಂಗಾಲಿನವರೆಗೂ ಹಳದಿ ಹರಡಿದರೆ ತಡಮಾಡಬಾರದು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡಬೇಕು. ಮನೆಯಲ್ಲಿ ಇನ್ನಾರೂ ಇಲ್ಲದ ಬಾಣಂತಿಗೆ ಈ ಆರು ಭೇಟಿಗಳೇ ಜೀವನಾಡಿ. ಆದ್ದರಿಂದ ಅವಳು ವಾಸವಿರುವ ಮನೆ ಎಲ್ಲಿಯದೆಂದು ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿದಿರಬೇಕು.

ಮನಸ್ಸಿನ ವಿಷಯವನ್ನು ನಮ್ಮವರು ಬಾಯಿಬಿಟ್ಟು ಆಡುವುದು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅಭಿವೃದ್ಧಿಶೀಲ ದೇಶಗಳಲ್ಲಿ ಸುಮಾರು ಐವರು ಬಾಣಂತಿಯರಲ್ಲಿ ಒಬ್ಬರಿಗೆ ಮಾನಸಿಕ ತೊಂದರೆ, ಮುಖ್ಯವಾಗಿ ಖಿನ್ನತೆ, ಕಾಣಿಸಿಕೊಳ್ಳುತ್ತದೆ. ತಾನೇ ತಾಯಿಯ ಮಡಿಲು ಕಾಣದವಳಿಗೆ ಮಗುವನ್ನು ಎತ್ತಿಕೊಂಡ ಕ್ಷಣದಲ್ಲಿ ಸಂತೋಷದ ಜೊತೆಗೆ ಹಳೆಯ ಪ್ರಶ್ನೆಯೂ ಏಳಬಹುದು: ನನ್ನನ್ನು ಹೇಗೆ ಬಿಟ್ಟು ಹೋದರು? ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಮಗುವಿನ ಮೇಲೆ ಮನಸ್ಸಿಲ್ಲದಿದ್ದರೆ, ಸಾಯುವ ಮಾತು ಬಂದರೆ ಅದನ್ನು ಸೊಕ್ಕೆಂದೋ ಗಾಳಿಯೆಂದೋ ತಳ್ಳಿಹಾಕಬಾರದು. ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲಿಯೇ, ಹಗಲಿರುಳೂ ಉಚಿತವಾಗಿ ದೊರೆಯುತ್ತದೆ.

ಗಂಡುಮಕ್ಕಳ ವಿಷಯವನ್ನೂ ಮರೆಯಬಾರದು. ನೂರಾರು ಮಂದಿಯ ಪಂಕ್ತಿಯಲ್ಲಿ ಕುಳಿತು ಉಂಡು ಬೆಳೆದ ಹುಡುಗನಿಗೆ ಇಬ್ಬರ ಸಂಸಾರಕ್ಕೆ ಎಷ್ಟು ಅಕ್ಕಿ ಬೇಕೆಂಬುದು ತಿಳಿಯದು. ಕೈಗೂಸನ್ನು ಎತ್ತಿಕೊಂಡು ಅಭ್ಯಾಸವಿರದು. ತಂದೆಯೊಬ್ಬ ಮನೆಯಲ್ಲಿ ಹೇಗಿರುತ್ತಾನೆಂಬುದನ್ನೇ ಅವನು ನೋಡಿಲ್ಲ. ಹೆರಿಗೆಗೆ ಮುನ್ನ ನಡೆಯುವ ತಪಾಸಣೆಗೆ ಅವನನ್ನೂ ಕರೆದೊಯ್ದು ವೈದ್ಯರ ಮಾತನ್ನು ಕೇಳಿಸಬೇಕು.

ಸರ್ಕಾರದ ನೆರವುಗಳಿಗೆ ಕೊರತೆಯಿಲ್ಲ, ಅವುಗಳ ಬಾಗಿಲು ಮಾತ್ರ ಕಾಗದದ್ದು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಶಸ್ತ್ರಚಿಕಿತ್ಸೆ, ಔಷಧ, ಅಗತ್ಯಬಿದ್ದರೆ ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ. ಅಂಗನವಾಡಿಯಲ್ಲಿ 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯ ಪೌಷ್ಟಿಕ ಆಹಾರವಿದೆ. ಮದ್ದೂರಿನ ಕಡೆಯ ಸಿದ್ಧ ಉಡುಪು ಕಾರ್ಖಾನೆಯಲ್ಲಿ ದುಡಿಯುವವಳಾಗಿದ್ದರೆ ಇ.ಎಸ್.ಐ. ಮೂಲಕ 26 ವಾರಗಳ ವೇತನಸಹಿತ ರಜೆ ಸಿಗಬಹುದು. ಆದರೆ ಅದಕ್ಕೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನಗಳ ವಂತಿಗೆ ಕಟ್ಟಿರಬೇಕು. ನೆಲೆಯಿಲ್ಲದೆ ಪದೇ ಪದೇ ಕೆಲಸ ಬಿಟ್ಟು ಹಿಡಿಯುವವರು ಈ ಲೆಕ್ಕದಲ್ಲೇ ಸೋಲುತ್ತಾರೆ. ಆಧಾರ್‌ನಲ್ಲಿ ಇನ್ನೂ ಬಾಲಮಂದಿರದ ವಿಳಾಸ, ಪಡಿತರ ಚೀಟಿಯಲ್ಲಿ ಹೆಸರಿಲ್ಲ, ಬ್ಯಾಂಕ್ ಖಾತೆ ಎಂದೋ ನಿಂತುಹೋಗಿದೆ ಎಂದರೆ ಯಾವ ಯೋಜನೆಯೂ ಸಕಾಲಕ್ಕೆ ತಲುಪದು. ಈ ಮೂರನ್ನೂ ಬಸುರಿನ ಮೂರನೆಯ ತಿಂಗಳೊಳಗೆ ಸರಿಪಡಿಸಿಕೊಳ್ಳಬೇಕು.

ಮಕ್ಕಳ ರಕ್ಷಣಾ ಘಟಕವಿರುವುದು ಜಿಲ್ಲಾ ಕೇಂದ್ರವಾದ ಮಂಡ್ಯದಲ್ಲಿ. ರೈಲಿಲ್ಲದ ಮಳವಳ್ಳಿಯ ಹಳ್ಳಿಯಿಂದ ಅಲ್ಲಿಗೆ ಹೋಗಿ ಬರುವುದೆಂದರೆ ಒಂದು ದಿನ. ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚು ಉಳಿದರೂ ಆ ದಿನದ ಕೂಲಿ ಉಳಿಯದು. ಆದ್ದರಿಂದ ಗ್ರಾಮ ಪಂಚಾಯಿತಿ ಇಲ್ಲಿ ಮುಖ್ಯವಾಗುತ್ತದೆ. ತಮ್ಮ ಊರಿಗೆ ಸೊಸೆಯಾಗಿ ಬಂದ, ಅಥವಾ ಬಾಡಿಗೆಗೆ ಬಂದಿರುವ ಇಂಥ ಒಬ್ಬಳ ಸುದ್ದಿ ಅಂಗನವಾಡಿ ಕಾರ್ಯಕರ್ತೆಗೆ, ಆಶಾಗೆ, ಪಂಚಾಯಿತಿಯ ಸದಸ್ಯರಿಗೆ ಒಟ್ಟಿಗೇ ತಿಳಿದಿದ್ದರೆ ಅರ್ಧ ಕೆಲಸ ಊರಿನಲ್ಲೇ ಆಗುತ್ತದೆ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಕಂದಮ್ಮಗಳಿಗಾಗಿ ಪಂಚಾಯಿತಿಗಳಲ್ಲಿ ತೆರೆದಿರುವ ಕೂಸಿನ ಮನೆಗಳು, ಮಗುವನ್ನು ನೋಡಿಕೊಳ್ಳಲು ಅತ್ತೆಯೂ ಅಮ್ಮನೂ ಇಲ್ಲದವಳಿಗೆ ಬಲು ದೊಡ್ಡ ಆಸರೆ. ಮೊದಲು ಅವಳ ಮಗುವಿಗೆ ಅಲ್ಲಿ ಜಾಗ ಸಿಗಬೇಕು.

ಒಂದು ಕಠಿಣ ಸಂಗತಿಯನ್ನೂ ಇಲ್ಲೇ ಹೇಳಬೇಕು. 18 ತುಂಬದ ಹುಡುಗಿ ಗರ್ಭಿಣಿಯಾಗಿದ್ದರೆ ಆಸ್ಪತ್ರೆಯವರು ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಈ ಭಯದಿಂದ ಕುಟುಂಬದವರು ಹುಡುಗಿಯನ್ನು ಮನೆಯಲ್ಲೇ ಮುಚ್ಚಿಟ್ಟು ಹೆರಿಗೆ ಮಾಡಿಸಲು ಹೊರಡುತ್ತಾರೆ. ಎಳೆಯ ದೇಹಕ್ಕೆ ನಂಜು, ಅವಧಿಗೆ ಮುನ್ನ ಹೆರಿಗೆ, ಕಡಿಮೆ ತೂಕದ ಮಗು ಮುಂತಾದ ಅಪಾಯಗಳು ಹೆಚ್ಚಿರುವುದರಿಂದ ಇದು ಜೀವದೊಡನೆ ಆಡುವ ಆಟ. ಕಾನೂನಿನ ಕ್ರಮ ಏನೇ ಇರಲಿ, ಚಿಕಿತ್ಸೆಯನ್ನು ಯಾರೂ ನಿರಾಕರಿಸುವಂತಿಲ್ಲ. ಮನೆಯವರು ಕೈಬಿಟ್ಟ ಇಂಥ ಹುಡುಗಿಯರ ಆಶ್ರಯ ಮತ್ತು ಆರೈಕೆಗಾಗಿ 2023ರಲ್ಲಿ ಕೇಂದ್ರ ಸರ್ಕಾರ ನಿರ್ಭಯಾ ನಿಧಿಯಿಂದ ಪ್ರತ್ಯೇಕ ಯೋಜನೆಯನ್ನೇ ತಂದಿದೆ. 1098ಕ್ಕೆ ಕರೆ ಮಾಡಿದರೆ ಮಾರ್ಗ ದೊರೆಯುತ್ತದೆ.

ಮಠಗಳ ಪಾತ್ರವೇನು? ತುಮಕೂರಿನ ಸಿದ್ಧಗಂಗೆಯಲ್ಲಿ ಡಾ. ಶಿವಕುಮಾರ ಮಹಾಸ್ವಾಮಿಗಳು ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ಬೆಳೆಸಿದರು. ಸುತ್ತೂರು ಜಾತ್ರೆಯಲ್ಲಿ ವರ್ಷವರ್ಷವೂ ಸಾಮೂಹಿಕ ವಿವಾಹಗಳು ನೆರವೇರುತ್ತವೆ. ಮಕ್ಕಳನ್ನು ಸಾಕುವುದರಲ್ಲಿ, ಓದಿಸುವುದರಲ್ಲಿ, ಮದುವೆ ಮಾಡಿಸುವುದರಲ್ಲಿ ಮಠಗಳು ಹಿಂದೆಬಿದ್ದಿಲ್ಲ. ಆದರೂ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಠದ ಉಚಿತ ಪ್ರಸಾದನಿಲಯದಲ್ಲಿ ಓದಿದ ಅನಾಥ ಮಗುವು ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೂಲಕ ನೋಂದಾಯಿತ ಪಾಲನಾ ಸಂಸ್ಥೆಗೆ ಬಂದಿರದಿದ್ದರೆ ಅನುಪಾಲನೆಯ ನೆರವಿಗೆ ಅದರ ಹೆಸರು ಸೇರುವುದು ಕಷ್ಟ. ಬಂಧುಗಳ ಮನೆಯಲ್ಲಿ ಬೆಳೆದು ಪ್ರಾಯೋಜಕತ್ವದ ಹಣ ಪಡೆಯುತ್ತಿದ್ದವರಿಗೂ 18ಕ್ಕೆ ಅದು ನಿಲ್ಲುತ್ತದೆ. ಇಂಥವರಿಗೆ ಸರ್ಕಾರವೆಂಬ ತವರೂ ಇಲ್ಲ. ಅವರನ್ನು ಬಲ್ಲವರು ಮಠದವರು ಮತ್ತು ಊರಿನ ಭಕ್ತರು ಮಾತ್ರ.

ಗರ್ಭಕ್ಕೆ ಎಂಟು ತಿಂಗಳಾದಾಗ ಒಳಗಿರುವ ಶಿಶುವಿಗೆಂದು ಲಿಂಗಧಾರಣೆ ಮಾಡುವ ಆಚಾರ ನಮ್ಮಲ್ಲಿದೆ. ಮಗು ಕಣ್ಣು ತೆರೆಯುವ ಮೊದಲೇ ಅದಕ್ಕೆ ಗುರುಸಂಬಂಧ. ಹುಟ್ಟಿನ ವಿವರವೇ ಇಲ್ಲದ ತಾಯಿಯ ಹೊಟ್ಟೆಯಲ್ಲಿರುವ ಮಗುವಿಗೂ ಆ ಸಂಬಂಧ ಸಲ್ಲುತ್ತದೆಯಾದರೆ, ಆ ತಾಯಿಗೆ ಹದಿನೈದು ದಿನ ಬಿಸಿ ಊಟ ಕೊಂಡೊಯ್ಯುವ ಮನೆ ಭಕ್ತರಲ್ಲಿ ಸಿಗದೆ ಹೋದೀತೇ? ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಾಗಲಿ, ಮದ್ದೂರು ಮಳವಳ್ಳಿಗಳ ತಾಲ್ಲೂಕು ಆಸ್ಪತ್ರೆಗಳಲ್ಲಾಗಲಿ ಹೆರಿಗೆಗೆ ಬಂದವಳನ್ನು ಮೊದಲು ಕೇಳುವುದು 'ಜೊತೆಯಲ್ಲಿ ಯಾರಿದ್ದಾರೆ?' ಎಂದು. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡಲು ವಯಸ್ಕಳಾದ ಅವಳ ಸಹಿಯೇ ಸಾಕು. ಆದರೆ ಬಿಸಿನೀರು ತರಲು, ಮಗುವನ್ನು ಹಿಡಿಯಲು, ರಾತ್ರಿ ನರ್ಸನ್ನು ಕೂಗಲು ಒಬ್ಬ ಹೆಂಗಸು ಬೇಕು. ಮೂರು ರಾತ್ರಿ ಹಾಗೆ ಕುಳಿತುಕೊಳ್ಳಬಲ್ಲ ಅಮ್ಮಂದಿರು ಪ್ರತಿ ಊರಿನ ಅಕ್ಕನ ಬಳಗಗಳಲ್ಲಿ ಇದ್ದಾರೆ. ತಮ್ಮ ಹೆಸರನ್ನು ಊರಿನ ಆಶಾ ಕಾರ್ಯಕರ್ತೆಗೆ ಈಗಲೇ ಹೇಳಿಟ್ಟರೆ ಸಾಕು.

ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವಿಶೇಷ ತಪಾಸಣೆ ನಡೆಯುತ್ತದೆ. ತಾಯಿ ಕಾರ್ಡ್, ಆಧಾರ್, ಹಿಂದಿನ ಚೀಟಿಗಳನ್ನು ಒಂದೇ ಚೀಲದಲ್ಲಿಟ್ಟುಕೊಂಡು ಬೆಳಿಗ್ಗೆಯೇ ಹೊರಡಬೇಕು. ಸಾಲು ಉದ್ದವಿರುತ್ತದೆ, ರಕ್ತ ಮೂತ್ರ ಪರೀಕ್ಷೆಗಳು ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಜೊತೆಗೆ ಹೋಗುವವರು ಒಂದು ಡಬ್ಬಿ ತಿಂಡಿ, ಕುಡಿಯುವ ನೀರು ತೆಗೆದುಕೊಂಡು ಹೋಗುವುದೊಳ್ಳೆಯದು.